ತಾಮ್ರವನ್ನು ಸೀಳುವ ನೀರು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವುದು ಬಹಳ ಮಂದಿಯ ಹವ್ಯಾಸ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಇದಕ್ಕೆ ದಾರಿ ಮಾಡಿತು. ರಾಜ್ಯಗಳ ಪೈಕಿ ಅಲಬಾಮ ಮತ್ತು ಮಿಸಿಸಿಪಿ ಎಲ್ಲಕ್ಕಿಂತ ಕೊನೆಗೆ, 2013ರಲ್ಲಿ, ಒಪ್ಪಿಗೆ ಕೊಟ್ಟವು. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ತರಗತಿಯಲ್ಲಿ ಈ ವಿಷಯ ಎತ್ತಲು ಕೆಲವು ಅಧ್ಯಾಪಕರಿಗೆ ಮುಜುಗರವಾಗಬಹುದು. ಆದರೆ ಇಲ್ಲಿ ನಮ್ಮ ಆಸಕ್ತಿ ಪಾತ್ರೆಯಲ್ಲಿರುವ ಪಾನೀಯದಲ್ಲಲ್ಲ, ಕೊಳವೆಯಲ್ಲಿ ಉಳಿದುಬಿಡುವ ನೀರಿನಲ್ಲಿ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ 'ವರ್ಟ್' ಎಂಬ ಸಿಹಿ ದ್ರವ ಸಿಗುತ್ತದೆ. ಅದನ್ನು ಹಾಪ್ ಹೂಗಳೊಂದಿಗೆ ಕುದಿಸಿ, ಬೇಗನೆ ತಣಿಸಿ, ಯೀಸ್ಟ್ ಬೆರೆಸಬೇಕು. ತಣಿಸಲು ಎರಡು ಬಗೆಯ ಸಾಧನಗಳಿವೆ. ಒಂದು, ತಣ್ಣೀರು ಹರಿಯುವ ತಾಮ್ರದ ಸುರುಳಿ. ಇದನ್ನು ಬಿಸಿ ವರ್ಟ್‌ನಲ್ಲಿ ಮುಳುಗಿಸುತ್ತಾರೆ. ಇನ್ನೊಂದು ಪ್ಲೇಟ್ ಚಿಲ್ಲರ್. ಇದರಲ್ಲಿ ತೆಳುವಾದ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ತಾಮ್ರದಿಂದ ಬೆಸೆದಿರುತ್ತಾರೆ. ತಗಡುಗಳ ನಡುವಿನ ಸಂದುಗಳಲ್ಲಿ ಒಂದು ಬಿಟ್ಟು ಒಂದರಲ್ಲಿ ವರ್ಟ್, ಉಳಿದವುಗಳಲ್ಲಿ ನೀರು ಹರಿಯುತ್ತವೆ. ಇವುಗಳ ಜೊತೆಗೆ ಒಂದು ಪಂಪು, ಕೆಲವು ಬಾಲ್ ವಾಲ್ವ್‌ಗಳು. ಇಷ್ಟೂ ಸಾಮಾನು ಸಾಮಾನ್ಯವಾಗಿ ಕಾರಿನ ಗ್ಯಾರೇಜಿನಲ್ಲಿರುತ್ತದೆ. ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಸರಾಸರಿ ತಾಪ ಸುಮಾರು -9 ಡಿಗ್ರಿ ಸೆಲ್ಸಿಯಸ್. ಶರತ್ಕಾಲದಲ್ಲಿ ಬಳಸಿ, ತೊಳೆದು, ಮುಚ್ಚಿಟ್ಟ ಸಾಮಾನನ್ನು ವಸಂತದಲ್ಲಿ ಹೊರತೆಗೆದಾಗ ತಾಮ್ರದ ಕೊಳವೆ ಉದ್ದಕ್ಕೆ ಸೀಳಿರುತ್ತದೆ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡ 9ರಷ್ಟು ಹೆಚ್ಚುತ್ತದೆ ಎಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. 1784-85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮೇಜರ್ ವಿಲಿಯಮ್ಸ್ ಎಂಬ ಸೇನಾಧಿಕಾರಿ ಟೊಳ್ಳು ಕಬ್ಬಿಣದ ಫಿರಂಗಿ ಗುಂಡುಗಳಲ್ಲಿ ನೀರು ತುಂಬಿ, ಬಿರಡೆ ಬಿಗಿದು, ಹೊರಗಿಟ್ಟ. ಒಂದರ ಬಿರಡೆ 400 ಅಡಿಗೂ ಹೆಚ್ಚು ದೂರಕ್ಕೆ ಹಾರಿತು. ಇನ್ನೊಂದು ಗುಂಡೇ ಒಡೆದು, ಬಿರುಕಿನಿಂದ ಮಂಜುಗಡ್ಡೆ ಹೊರಚಾಚಿತು.

ಹಾಗಾದರೆ ಕೊಳವೆಯಲ್ಲೂ ಮಂಜುಗಡ್ಡೆಯೇ ಗೋಡೆಯನ್ನು ಹೊರಕ್ಕೆ ತಳ್ಳಿ ಒಡೆಯುತ್ತದೆಯೆ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬೆಳೆಯುವ ಮಂಜುಗಡ್ಡೆಗೆ ಕೊಳವೆಯ ಉದ್ದಕ್ಕೂ ಜಾಗವಿದ್ದರೆ ಅದು ಎದುರಿನ ನೀರನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ಅಪಾಯ ಬರುವುದು ಆ ನೀರಿಗೆ ಹೋಗಲು ದಾರಿ ಇಲ್ಲದಾಗ. 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮನೆಗಳ ನೀರಿನ ಕೊಳವೆಗಳ ಮೇಲೆ ನಡೆದ ಪ್ರಯೋಗಗಳು ಇದನ್ನೇ ತೋರಿಸಿದವು. ಮಂಜಿನ ತಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ದ್ರವರೂಪದ ನೀರಿನ ಒತ್ತಡವೇ ಕೊಳವೆಯನ್ನು ಒಡೆಯುತ್ತದೆ. ಹೀಗಾಗಿ ಹೆಪ್ಪುಗಟ್ಟಿದ್ದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ ಆಗಿರಬಹುದು.

ಒಂದು ಲೆಕ್ಕ ಮಾಡೋಣ. ಒಂದು ಮೀಟರ್ ಉದ್ದದ ಕೊಳವೆಯಲ್ಲಿ ನೀರು ತುಂಬಿದೆ, ಎರಡೂ ತುದಿ ಮುಚ್ಚಿವೆ ಎನ್ನಿ. ಅದರಲ್ಲಿ 10 ಸೆಂಮೀ ಉದ್ದದ ನೀರು ಹೆಪ್ಪುಗಟ್ಟಿದರೆ ಸುಮಾರು 9 ಮಿಮೀ ಹೆಚ್ಚು ಜಾಗ ಬೇಕು. ಉಳಿದ 90 ಸೆಂಮೀ ನೀರು ಶೇಕಡ 1ರಷ್ಟು ಕುಗ್ಗಬೇಕು. ನೀರನ್ನು ಕುಗ್ಗಿಸುವುದು ಸುಲಭವಲ್ಲ. ಅದರ ಗಾತ್ರ ಗುಣಾಂಕ ಸುಮಾರು 2 ಗಿಗಾಪ್ಯಾಸ್ಕಲ್. ಆದ್ದರಿಂದ ಒತ್ತಡ 20 ಮೆಗಾಪ್ಯಾಸ್ಕಲ್‌ಗೆ, ಅಂದರೆ ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟಿಗೆ ಏರುತ್ತದೆ.

ಸುರುಳಿಗೆ ಬಳಸುವ ಮೃದು ತಾಮ್ರದ ಕೊಳವೆಯ ಒಳತ್ರಿಜ್ಯ ಸುಮಾರು 4 ಮಿಮೀ, ಗೋಡೆಯ ದಪ್ಪ 0.8 ಮಿಮೀ. ಇಂಥ ತಾಮ್ರ ಸುಮಾರು 200 ಮೆಗಾಪ್ಯಾಸ್ಕಲ್ ಎಳೆತಕ್ಕೆ ಹರಿಯುತ್ತದೆ. ಹಾಗಾದರೆ ಕೊಳವೆ ತಡೆಯಬಲ್ಲ ಒಳಒತ್ತಡ 200 × 0.8 ÷ 4, ಅಂದರೆ 40 ಮೆಗಾಪ್ಯಾಸ್ಕಲ್. ಇನ್ನೊಂದು ಬದಿಯಿಂದಲೂ ನೋಡಬಹುದು. ಒತ್ತಡ ಹೆಚ್ಚಿದಂತೆ ನೀರಿನ ಘನೀಭವನ ಬಿಂದು ಇಳಿಯುತ್ತದೆ. 40 ಮೆಗಾಪ್ಯಾಸ್ಕಲ್‌ನಲ್ಲಿ ಅದು ಸುಮಾರು -3 ಡಿಗ್ರಿ. ಅಂದರೆ ತಾಪ ಅದಕ್ಕಿಂತ ಕೆಳಗಿಳಿದರೆ ಮಂಜುಗಡ್ಡೆ ಬೆಳೆಯುತ್ತಲೇ ಹೋಗುತ್ತದೆ, ಕೊಳವೆ ಸೋಲುತ್ತದೆ. -10 ಡಿಗ್ರಿಯಲ್ಲಿ ಒತ್ತಡ 100 ಮೆಗಾಪ್ಯಾಸ್ಕಲ್ ದಾಟಬಲ್ಲದು. ದಪ್ಪ ಕೊಳವೆ ಕೊಂಡರೆ ಸಾಕು ಎನ್ನುವವರು ಈ ಅಂಕಿಯನ್ನು ಗಮನಿಸಬೇಕು.

ಸೀಳು ಉದ್ದಕ್ಕೇ ಏಕೆ? ಉರುಳೆಯಾಕಾರದ ಗೋಡೆಯಲ್ಲಿ ಸುತ್ತಳತೆಯ ದಿಕ್ಕಿನ ಎಳೆತ, ಉದ್ದದ ದಿಕ್ಕಿನ ಎಳೆತದ ಎರಡರಷ್ಟು. ಮೃದು ತಾಮ್ರ ಸೀಳುವ ಮೊದಲು ಉಬ್ಬುತ್ತದೆ. ಮೊದಲ ಚಳಿಗಾಲದಲ್ಲಿ ಉಬ್ಬಿ ಗೋಡೆ ತೆಳುವಾದ ಕೊಳವೆ ಎರಡನೆಯದರಲ್ಲಿ ಸೀಳಬಹುದು. ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಲ್ಲಲ್ಲಿ ಅಳೆದರೆ ಉಬ್ಬು ತಿಳಿಯುತ್ತದೆ.

ಸುರುಳಿಯ ಎರಡೂ ತುದಿ ತೆರೆದಿದ್ದರೆ ಭಯವಿಲ್ಲ ಎಂದು ಹಲವರು ನಂಬುತ್ತಾರೆ. ಆದರೆ ಸುರುಳಿಯ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಅದರ ಎರಡು ಕೊನೆಗಳು ಮೊದಲು ಹೆಪ್ಪುಗಟ್ಟಿದರೆ ಅವೇ ಎರಡು ಬಿರಡೆಗಳಾಗುತ್ತವೆ, ನಡುವಿನ ನೀರು ಸೆರೆಯಾಗುತ್ತದೆ.

ಎಲ್ಲಕ್ಕಿಂತ ಮೋಸಗಾರ ಬಾಲ್ ವಾಲ್ವ್. ಇದರೊಳಗೆ ರಂಧ್ರವಿರುವ ಒಂದು ಗೋಲಿ ಎರಡು ಟೆಫ್ಲಾನ್ ಬಳೆಗಳ ನಡುವೆ ತಿರುಗುತ್ತದೆ. ಪಾತ್ರೆ ತೊಳೆದು, ನೀರು ಬಸಿದು, ಹಿಡಿಯನ್ನು ಮುಚ್ಚಿದರೆ ರಂಧ್ರದಲ್ಲಿದ್ದ ನೀರು ಒಳಗೇ ಉಳಿಯುತ್ತದೆ. ಪಾತ್ರೆಯ ಬಾಯಿ ತೆರೆದೇ ಇರುವುದರಿಂದ ಅದಕ್ಕೆ ಏನೂ ಆಗದು. ವಾಲ್ವಿನ ಮೈಯಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಬಾರಿ ಇಪ್ಪತ್ತು ಲೀಟರ್ ವರ್ಟ್ ಕುದಿಯುವಾಗ ಬಿರುಕು ಬಾಯಿಬಿಟ್ಟರೆ ಕಾಲು ಸುಡುತ್ತದೆ. ಆದ್ದರಿಂದ ಪ್ರತಿ ವಸಂತದಲ್ಲೂ ಮೊದಲು ತಣ್ಣೀರು ತುಂಬಿ ಪರೀಕ್ಷಿಸಬೇಕು. ಬಿರುಕು ಬಿಟ್ಟ ವಾಲ್ವನ್ನು ಬೆಸೆಯುವ ಗೋಜಿಗೆ ಹೋಗದೆ ಬದಲಾಯಿಸಬೇಕು. ತಡೆಯುವ ಉಪಾಯ ಬಹಳ ಸರಳ. ನೀರು ಬಸಿದ ಮೇಲೆ ಹಿಡಿಯನ್ನು 45 ಡಿಗ್ರಿಯಲ್ಲಿ, ಅರ್ಧ ತೆರೆದು ಬಿಡುವುದು. ಆಗ ಗೋಲಿಯ ರಂಧ್ರಕ್ಕೂ ಅದರ ಸುತ್ತಲಿನ ಸಂದಿಗೂ ಹೊರದಾರಿ ಇರುತ್ತದೆ.

ಪ್ಲೇಟ್ ಚಿಲ್ಲರ್‌ನ ತೊಂದರೆ ಬೇರೆ ಬಗೆಯದು. ಒಳಗಿನ ತಗಡು ಬಿಟ್ಟುಕೊಂಡರೆ ಹೊರಗೆ ಒಂದು ಹನಿಯೂ ಸೋರದೆ ತಣಿಸುವ ನೀರು ವರ್ಟ್‌ಗೆ ಬೆರೆಯಬಹುದು. ಕುದಿಸಿದ ವರ್ಟ್‌ಗೆ ಕುದಿಸದ ನೀರು ಸೇರಿದರೆ ಅದರ ಜೊತೆಗೆ ಬ್ಯಾಕ್ಟೀರಿಯಗಳೂ ಸೇರುತ್ತವೆ. ಪರೀಕ್ಷೆಗೆ ಸೈಕಲ್ ಪಂಪು ಸಾಕು. ನೀರಿನ ಬದಿಯ ಒಂದು ಬಾಯನ್ನು ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ಅದ್ದುವಂತೆ ಇಡೀ ಚಿಲ್ಲರನ್ನು ತೊಟ್ಟಿಯಲ್ಲಿ ಮುಳುಗಿಸಬೇಕು. ವರ್ಟ್ ಬದಿಯ ಬಾಯಿಗಳಿಂದ ಗುಳ್ಳೆಗಳು ಬರುತ್ತಲೇ ಇದ್ದರೆ ಒಳಗೆ ಸೋರಿಕೆ ಇದೆ. ಆ ಚಿಲ್ಲರ್ ದುರಸ್ತಿಗೆ ಮೀರಿದ್ದು.

ತಾಮ್ರದ ಸುರುಳಿಯನ್ನು ಸರಿಪಡಿಸಬಹುದು. ಸೀಳಿನ ಮೇಲೆ ಬೆಸುಗೆ ಸುರಿದರೆ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿನ ಗೋಡೆ ತೆಳುವಾಗಿದೆ. ಉಬ್ಬಿದ ಭಾಗವನ್ನೆಲ್ಲ ಕತ್ತರಿಸಿ ತೆಗೆದು, ತುದಿಗಳಿಗೆ ಸರಿಹೊಂದುವ ತಾಮ್ರದ ಜೋಡಣೆ ಹಾಕಿ ಬೆಸೆಯಬೇಕು. ವರ್ಟ್ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5. ಸೀಸವಿರುವ ಬೆಸುಗೆಯಿಂದ ಸೀಸ ಕರಗಿ ಪಾನೀಯ ಸೇರುತ್ತದೆ. ಆದ್ದರಿಂದ ತವರ-ಬೆಳ್ಳಿಯಂಥ ಸೀಸರಹಿತ ಬೆಸುಗೆಯನ್ನೇ ಬಳಸಬೇಕು. ಒಳಗೆ ನೀರು ಉಳಿದಿದ್ದರೆ ಶಾಖವನ್ನೆಲ್ಲ ಅದೇ ನುಂಗುತ್ತದೆ, ಬೆಸುಗೆ ಹಿಡಿಯುವುದಿಲ್ಲ. ಹೆಪ್ಪುಗಟ್ಟಿರುವ ಸಾಧನವನ್ನು ಜ್ವಾಲೆಯಿಂದ ಕರಗಿಸುವುದು ಅಪಾಯ. ಎರಡು ಮಂಜಿನ ಬಿರಡೆಗಳ ನಡುವೆ ನೀರು ಕುದಿದು ಆವಿಯಾದರೆ ಕೊಳವೆ ಸಿಡಿಯುತ್ತದೆ. ಮೊದಲು ವಾಲ್ವ್ ತೆರೆದು, ತೆರೆದ ತುದಿಯಿಂದ ಒಳಮುಖವಾಗಿ ಬಿಸಿಗಾಳಿ ಹಾಯಿಸಬೇಕು.

ಚಳಿಗಾಲಕ್ಕೆ ಮುನ್ನ ಸುರುಳಿ, ಚಿಲ್ಲರ್ ಎರಡಕ್ಕೂ ಗಾಳಿ ಊದಿ ನೀರು ಹೊರಡಿಸುವುದು ಉತ್ತಮ. ಬರಿದೆ ಬಗ್ಗಿಸಿದರೆ ಚಿಲ್ಲರಿನ ಕಿರಿದಾದ ಸಂದುಗಳ ನೀರು ಪೂರ್ತಿ ಇಳಿಯುವುದಿಲ್ಲ. ಪಂಪಿನ ಮುಂಭಾಗದ ತಿರುಪುಗಳನ್ನು ಬಿಚ್ಚಿ ಒಳಗನ್ನು ಒರೆಸಿಡಬೇಕು. ಘನೀಭವನ ತಡೆಯುವ ದ್ರವ ತುಂಬುವುದಾದರೆ ಆಹಾರ ದರ್ಜೆಯ ಪ್ರೊಪಿಲಿನ್ ಗ್ಲೈಕಾಲ್ ಮಾತ್ರ. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲಿನ್ ಗ್ಲೈಕಾಲ್ ವಿಷ.

ಬಿಯರ್ ತುಂಬಿದ ಪೀಪಾಯಿಯ ಕತೆಯೇನು? ಶೇಕಡ 5 ಆಲ್ಕೋಹಾಲ್ ಇರುವ ಬಿಯರಿನಲ್ಲಿ ಒಂದು ಕಿಲೋಗ್ರಾಂ ನೀರಿಗೆ ಸುಮಾರು 0.9 ಮೋಲ್ ಆಲ್ಕೋಹಾಲ್ ಇರುತ್ತದೆ. ಇದನ್ನು 1.86ರಿಂದ ಗುಣಿಸಿದರೆ ಘನೀಭವನ ಬಿಂದು 1.7 ಡಿಗ್ರಿ ಇಳಿಯಬೇಕು. ಉಳಿದ ಸಕ್ಕರೆಗಳ ಪಾಲು ಸೇರಿಸಿದರೆ ಸುಮಾರು -2 ಡಿಗ್ರಿ. ಜನವರಿಯ ಗ್ಯಾರೇಜಿನಲ್ಲಿ ಈ ಎರಡು ಡಿಗ್ರಿ ಏನೂ ಸಾಲದು. ಪೀಪಾಯಿಯನ್ನು ಮನೆಯೊಳಗೇ ಇಡಬೇಕು.