ಒತ್ತಡ ಅಳೆಯಲು ಮೂಗಿನ ತುದಿ

ಗಾಬರಿಯಾದಾಗ ಕೈಕಾಲು ತಣ್ಣಗಾಗುವುದು ಎಲ್ಲರ ಅನುಭವ. ಆಗ ಮೂಗಿನ ತುದಿಯೂ ತಣ್ಣಗಾಗುತ್ತದೆ, ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೆ. ವಾಹನ ಓಡಿಸುವವರ ಮೈಗೆ ಒಂದು ತಂತಿಯನ್ನೂ ಅಂಟಿಸದೆ ಅವರ ಒತ್ತಡ ಅಳೆಯುವ ವಿದ್ಯೆ ನಿಂತಿರುವುದು ಇದರ ಮೇಲೆ.

ಮೂಗಿನ ಚರ್ಮದಡಿ ಕಿರು ರಕ್ತನಾಳಗಳು ದಟ್ಟವಾಗಿವೆ. ಒತ್ತಡ ಏರಿದಾಗ ಸಿಂಪಥೆಟಿಕ್ ನರಗಳು ಅವನ್ನು ಕುಗ್ಗಿಸುತ್ತವೆ. ರಕ್ತದ ಹರಿವು ತಗ್ಗಿ ಚರ್ಮ ತಣಿಯುತ್ತದೆ. ಹಣೆಯ ಉಷ್ಣತೆ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಆದ್ದರಿಂದ ಹಣೆಯನ್ನು ಆಧಾರವಾಗಿಟ್ಟುಕೊಂಡು ಮೂಗು ಎಷ್ಟು ತಣಿಯಿತೆಂದು ಲೆಕ್ಕ ಹಾಕುತ್ತಾರೆ. ಕಾರಿನೊಳಗೆ ಸೆಖೆಯಾದರೆ ಎರಡೂ ಬಿಸಿಯಾಗುತ್ತವೆ. ಒತ್ತಡದ ಸುಳಿವು ಸಿಗುವುದು ಅವುಗಳ ನಡುವಿನ ಅಂತರದಲ್ಲಿ. ಈ ವಿಧಾನದ ಜಾಣತನವೆಲ್ಲ ಇಲ್ಲಿದೆ. 2007ರಲ್ಲಿ ಸಂಶೋಧಕರಾದ ಕ್ಯಾಲ್ವಿನ್ ಆರ್ ಮತ್ತು ವಿನ್ಸೆಂಟ್ ಡಫಿ ಸಿಮ್ಯುಲೇಟರ್‌ನಲ್ಲೂ ರಸ್ತೆಯಲ್ಲೂ ಚಾಲಕರನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶವೂ ಇದೇ: ತಲೆಗೆ ಕೆಲಸ ಹೆಚ್ಚಿದಾಗ ಮೂಗು ತಣಿಯಿತು, ಹಣೆ ಅಷ್ಟಾಗಿ ಬದಲಾಗಲಿಲ್ಲ.

ಅಳೆಯುವುದು ಥರ್ಮಲ್ ಕ್ಯಾಮೆರಾ. ಚರ್ಮ ತಾನಾಗಿ ಹೊಮ್ಮಿಸುವ 8ರಿಂದ 14 ಮೈಕ್ರೊಮೀಟರ್ ಅಲೆಯುದ್ದದ ಅವಗೆಂಪು ಕಿರಣಗಳನ್ನು ಅದು ಹಿಡಿಯುತ್ತದೆ. ಹಾಗಾಗಿ ಕತ್ತಲೆಯಲ್ಲೂ ಕೆಲಸ ನಡೆಯುತ್ತದೆ, ಮೈಬಣ್ಣವೂ ಅಡ್ಡಿಯಲ್ಲ. ಮಾಮೂಲು ಗಾಜು ಈ ಕಿರಣಗಳನ್ನು ಬಿಡದ ಕಾರಣ ಮಸೂರಕ್ಕೆ ಜರ್ಮೇನಿಯಂ ಬಳಸುತ್ತಾರೆ. ಅದೇ ಕಾರಣಕ್ಕೆ ಕನ್ನಡಕ ಹಾಕಿದವರ ಕಣ್ಣಿನ ಭಾಗ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ.

ಹುಡುಕುವ ಬದಲಾವಣೆ ಹಲವೊಮ್ಮೆ ಒಂದು ಡಿಗ್ರಿಗಿಂತಲೂ ಕಡಿಮೆ. ಎ.ಸಿ.ಯ ಗಾಳಿ ನೇರವಾಗಿ ಮೂಗಿಗೆ ಬಡಿದರೆ, ಕಿಟಕಿಯಿಂದ ಬಿಸಿಲು ಕೆನ್ನೆಗೆ ಬಿದ್ದರೆ ಲೆಕ್ಕ ತಪ್ಪುತ್ತದೆ. ಚಾಲಕ ಕನ್ನಡಿ ನೋಡಲು ತಲೆ ತಿರುಗಿಸಿದಾಗಲೂ ತಂತ್ರಾಂಶ ಮೂಗನ್ನು ಬಿಡದೆ ಹಿಂಬಾಲಿಸಬೇಕು. ಎಲ್ಲಕ್ಕಿಂತ ಮೊದಲು ಚಾಲಕ ಆರಾಮವಾಗಿ ಕೂತಾಗಿನ ಉಷ್ಣತೆಯನ್ನು ಗುರುತು ಹಾಕಿಕೊಳ್ಳಬೇಕು.

ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಅಯೊನಿಸ್ ಪಾವ್ಲಿಡಿಸ್ ತಂಡ ಇನ್ನೂ ಸೂಕ್ಷ್ಮಕ್ಕೆ ಇಳಿಯಿತು. ಒತ್ತಡದಲ್ಲಿ ಮೂಗಿನ ಸುತ್ತ, ಮೇಲ್ದುಟಿಯ ಮೇಲೆ ಬೆವರು ಒಸರುವ ರಂಧ್ರಗಳು ಥರ್ಮಲ್ ಚಿತ್ರದಲ್ಲಿ ತಣ್ಣನೆಯ ಚುಕ್ಕೆಗಳಾಗಿ ಮೂಡುತ್ತವೆ. ತಂಡ ಅವನ್ನೇ ಅಳೆಯಿತು. 59 ಚಾಲಕರ ಮೇಲಿನ ಅವರ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕಠಿಣ ಪ್ರಶ್ನೆ ಕೇಳಿದರೂ, ಮನಸ್ಸು ಕದಡಿದರೂ ಚಾಲಕರು ಹಾದಿ ತಪ್ಪಲಿಲ್ಲ. ಮೊಬೈಲಿನಲ್ಲಿ ಸಂದೇಶ ಟೈಪ್ ಮಾಡಿದಾಗ ಮಾತ್ರ ಕಾರು ಲೇನ್ ಬಿಟ್ಟು ಸರಿಯಿತು.

ಒತ್ತಡವನ್ನು ಅಳೆಯಲು ಕ್ಯಾಮೆರಾ ಬೇಕು, ನಿಜ. ಸ್ಟಿಯರಿಂಗ್ ಹಿಡಿದಾಗ ಮೊಬೈಲ್ ಬದಿಗಿಡಲು ಯಾವ ಉಪಕರಣವೂ ಬೇಡ. ಅದನ್ನು ಇಂದೇ ಮಾಡಿ.