ಕಾರಿನ ಟೈರ್ ಕಾರಿಗೇ ಇರಲಿ



ಗುಬ್ಬಿ ಕಡೆಯ ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: “ಸಿಸ್ಟರ್, ನಮ್ ಹುಡ್ಗ ಬೈಕಿಗೆ ಕಾರಿನ ಟೈರ್ ಹಾಕಿಸ್ತೀನಿ ಅಂತಾನೆ. ಬೇಗ ಸವೆಯಲ್ವಂತೆ, ದಪ್ಪಗೆ ಚೆನ್ನಾಗಿ ಕಾಣ್ತದಂತೆ. ಸಂಘದಿಂದ ಸಾಲ ಸಿಗ್ತದಾ?”

ಕೆಲವರು ನಕ್ಕರು. ಆದರೆ ಇದು ನಗುವ ಮಾತಲ್ಲ. ಆ ಬೈಕ್ ತಂದದ್ದೇ ಸಂಘದ ಸಾಲದಲ್ಲಿ. ದಿನಾ ಅದರ ಮೇಲೆ ತುಮಕೂರಿಗೆ ಹೋಗಿ ದುಡಿದು ಬರುವವನು ಆ ಮನೆಯ ಒಬ್ಬನೇ ಮಗ. ಆದ್ದರಿಂದ ಈ ವಿಷಯ ಎಲ್ಲರಿಗೂ ತಿಳಿದಿರಲಿ.

ಈ ಆಸೆ ಬಂದದ್ದು ಹೇಗೆ?

ಅಮೆರಿಕದಲ್ಲಿ ಭಾರೀ ಬೈಕುಗಳಲ್ಲಿ ದೂರ ಪ್ರಯಾಣ ಮಾಡುವ ಕೆಲವರು ಹಿಂದಿನ ಚಕ್ರಕ್ಕೆ ಕಾರಿನ ಟೈರ್ ಹಾಕಿಸುತ್ತಾರೆ. ಹೆಚ್ಚು ದಿನ ಬಾಳುತ್ತದೆ ಎಂಬುದು ಅವರ ವಾದ. ಅಲ್ಲಿಯೂ ಟೈರ್ ಕಂಪನಿಗಳು ಇದು ಬೇಡ ಎಂದೇ ಹೇಳುತ್ತವೆ. ನಮ್ಮ ಹುಡುಗರು ಅಂದಕ್ಕಾಗಿ ರಿಮ್ಮನ್ನೇ ಬದಲಿಸಿ ಅಗಲದ ಟೈರ್ ಹಾಕಿಸಲು ಹೋಗುತ್ತಾರೆ.

ಎತ್ತಿನ ಗಾಡಿಗೆ ಆಗುತ್ತದಲ್ಲ?

ಹೌದು, ನಮ್ಮ ಟೈರ್ ಗಾಡಿಗಳು ಹಳೇ ಟೈರಿನಲ್ಲೇ ಓಡುತ್ತವೆ. ಆದರೆ ಗಾಡಿ ನೆಟ್ಟಗೆ ನಿಂತೇ ತಿರುಗುತ್ತದೆ, ನಿಧಾನವಾಗಿ ಹೋಗುತ್ತದೆ. ಬೈಕ್ ಹಾಗಲ್ಲ, ವಾಲಿ ತಿರುಗಬೇಕು.

1. ಆಕಾರ: ದುಂಡು ತಳದ ಬಿಂದಿಗೆಯನ್ನು ವಾಲಿಸಿ, ಸಲೀಸಾಗಿ ಹೊರಳುತ್ತದೆ. ಚೌಕದ ತಗಡಿನ ಡಬ್ಬ ವಾಲಿಸಿದರೆ ಅಂಚಿನ ಮೇಲೆ ನಿಲ್ಲುತ್ತದೆ. ಬೈಕಿನ ಟೈರ್ ಬಿಂದಿಗೆಯಂತೆ, ಕಾರಿನದು ಡಬ್ಬದಂತೆ. ಕುಣಿಗಲ್ ರಸ್ತೆಯ ತಿರುವಿನಲ್ಲಿ ಬೈಕ್ ವಾಲಿದಾಗ ಕಾರಿನ ಟೈರ್ ನೆಲವನ್ನು ಬೈಕಿನ ಟೈರಿನ ಹಾಗೆ ಹಿಡಿಯದು. ದಾರಿಯಲ್ಲಿ ರಾಗಿ ಹುಲ್ಲು ಹರಡಿದ್ದರಂತೂ ಕೇಳಬೇಡಿ.

2. ಕೂರುವ ಜಾಗ: ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಇದೆ. ಆ ಅಂಚು ರಿಮ್ಮಿನಲ್ಲಿ ಭದ್ರವಾಗಿ ಕೂರಬೇಕು. ಬೈಕಿನ ರಿಮ್ಮಿನ ಅಂಚೇ ಬೇರೆ, ಕಾರಿನದೇ ಬೇರೆ. ಅಂಗುಲದ ಲೆಕ್ಕ ಒಂದೇ ಇದ್ದರೂ ಸರಿಯಾಗಿ ಕೂರುವುದಿಲ್ಲ. ಕೂರಿಸಲೆಂದು ಹೆಚ್ಚು ಗಾಳಿ ತುಂಬಿದರೆ ಅಂಗಡಿಯಲ್ಲೇ ಸಿಡಿಯಬಹುದು. ಓಡುವಾಗ ಅಂಚು ಕಳಚಿದರೆ ಗಾಳಿ ಒಮ್ಮೆಗೇ ಹೋಗುತ್ತದೆ.

3. ವಿಮೆ: ಕಂಪನಿ ಹೇಳಿದ ಅಳತೆ ಬಿಟ್ಟು ಬೇರೆ ಹಾಕಿಸಿದ್ದರೆ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದು. ಆಸ್ಪತ್ರೆ ಖರ್ಚೂ ಸಾಲದ ಕಂತೂ ಒಟ್ಟಿಗೆ ತಾಯಿಯ ತಲೆಯ ಮೇಲೆ ಬೀಳುತ್ತವೆ.

ಟೈರಿನ ಮೇಲಿನ ಬರಹ ಓದಿ

ಟೈರಿನ ಪಕ್ಕದಲ್ಲಿ 3.00-18 ಎಂದಿದ್ದರೆ ಅಗಲ 3 ಅಂಗುಲ, ರಿಮ್ 18 ಅಂಗುಲ. ನಿಮ್ಮ ಗಾಡಿಯ ಅಳತೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಕೊಳ್ಳುವಾಗ ಅದನ್ನೇ ಕೇಳಿ. ಕೊನೆಯಲ್ಲಿ ನಾಲ್ಕು ಅಂಕಿ, ಉದಾಹರಣೆಗೆ 3524 ಎಂದಿದ್ದರೆ, ಅದು 2024ರ 35ನೇ ವಾರದಲ್ಲಿ ತಯಾರಾದದ್ದು. “ಹೊಸದು” ಎಂದು ಹಳೇ ಮಾಲು ಕೊಟ್ಟರೆ ಇದರಿಂದಲೇ ಗೊತ್ತಾಗುತ್ತದೆ.

ದುಡ್ಡು ಉಳಿಸಲು ದಾರಿ ಇದೆ

• ವಾರಕ್ಕೊಮ್ಮೆ, ಗಾಡಿ ಓಡಿಸುವ ಮೊದಲು, ಗಾಳಿ ನೋಡಿಸಿ. ಗಾಳಿ ಕಡಿಮೆಯಾದರೆ ಟೈರ್ ಬೇಗ ಸವೆಯುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.
• ತೆಂಗಿನಕಾಯಿ ಮೂಟೆ, ಹಾಲಿನ ಕ್ಯಾನು ಮಿತಿ ಮೀರಿ ಹೇರಬೇಡಿ.
• ದ್ವಿಚಕ್ರ ವಾಹನದ ಟೈರಿನ ಗೆರೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುತ್ತವೆ. ಅಷ್ಟು ಸವೆಯುವ ತನಕ ಕಾಯದೆ ಮೊದಲೇ ಬದಲಾಯಿಸಿ.
• ಟೈರಿಗೆಂದು ತಿಂಗಳಿಗೆ ಸ್ವಲ್ಪ ಹಣ ಬೇರೆ ಎತ್ತಿಡಿ.

ಆ ತಾಯಿಯ ಸಂಘ ಕಾರಿನ ಟೈರಿಗೆ ಸಾಲ ಕೊಡಲಿಲ್ಲ, ಬೈಕಿನದೇ ಹೊಸ ಟೈರಿಗೆ ಕೊಟ್ಟಿತು. ಮಗ ಎರಡು ದಿನ ಮುನಿಸಿಕೊಂಡನಂತೆ. ಪರವಾಗಿಲ್ಲ, ಮುನಿಸಿಕೊಂಡ ಮಗ ಸಂಜೆ ಮನೆಗೆ ಬರುತ್ತಾನೆ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಸಾಲದಲ್ಲಿ ತಂದ ಗಾಡಿಗಳು ಎಷ್ಟು? ಅವುಗಳ ಟೈರನ್ನು ಕೊನೆಯ ಸಲ ನೋಡಿದ್ದು ಯಾವಾಗ?