ಒಂಟಿ ಪರಮಾಣುವಿನ ಮಿಶ್ರಲೋಹಗಳೂ ವರಣಾತ್ಮಕ ಕ್ರಿಯೆಗಳೂ

ಉಡುಪಿಯಿಂದ ಮಣಿಪಾಲಕ್ಕೆ ಕಡಿಯಾಳಿಯ ಮಾರ್ಗವಾಗಿ ಹೋಗುವ ಪೆಟ್ರೋಲ್ ಕಾರುಗಳ ಹೊಗೆಕೊಳವೆಯಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಮುಂತಾದ ದುರ್ಲಭ ಲೋಹಗಳು ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಇಂಗಾಲದ ಮಾನಾಕ್ಸೈಡೇ ಮೊದಲಾದ ವಿಷಾನಿಲಗಳನ್ನು ಮಾರ್ಪಡಿಸುವ ವೇಗವರ್ಧಕಗಳು ಇವು. ಲೋಹವು ಸೂಕ್ಷ್ಮ ಕಣಗಳ ರೂಪದಲ್ಲಿರುತ್ತದೆ. ಕ್ರಿಯೆ ನಡೆಯುವುದು ಕಣದ ಮೇಲ್ಮೈಯಲ್ಲಿ ಮಾತ್ರ. 5 ನ್ಯಾನೊಮೀಟರ್ ವ್ಯಾಸದ ಪಲ್ಲೇಡಿಯಂ ಕಣದಲ್ಲಿ ಸುಮಾರು ಐದರಲ್ಲೊಂದು ಪಾಲು ಪರಮಾಣುಗಳು ಹೊರಗಿರುತ್ತವೆ. ಉಳಿದವು ಒಳಗೆ ನಿರುಪಯುಕ್ತವಾಗಿ ಹುದುಗಿರುತ್ತವೆ. ಆದುದರಿಂದ ಲೋಹವನ್ನು ಒಂದೊಂದೇ ಪರಮಾಣುವಾಗಿ ಬಿಡಿಸಿ ಹರಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದರಿಂದಾಗುವ ಉಳಿತಾಯವು ಸಣ್ಣದೇನಲ್ಲ. ಅದಕ್ಕೂ ಮಿಗಿಲಾಗಿ, ಒಂಟಿಯಾದ ಪರಮಾಣುವಿನ ವರ್ತನೆಯೇ ಗುಂಪಿನಲ್ಲಿರುವ ಪರಮಾಣುವಿನ ವರ್ತನೆಗಿಂತ ಬೇರೆಯಾಗಿರುವುದನ್ನು ನಾವು ಇಲ್ಲಿ ವಿವರಿಸಬೇಕೆಂದಿದ್ದೇವೆ.

ಅಸಿಟಿಲೀನಿಗೆ ಜಲಜನಕವನ್ನು ಕೂಡಿಸುವ ಕ್ರಿಯೆಯನ್ನು ತೆಗೆದುಕೊಳ್ಳೋಣ. ಎಥಿಲೀನಿನಿಂದ ಪಾಲಿಥೀನ್ ತಯಾರಿಸುವಾಗ ಅದರಲ್ಲಿ ಉಳಿದಿರುವ ಅಲ್ಪ ಅಸಿಟಿಲೀನೂ ಮುಂದಿನ ಹಂತದ ವೇಗವರ್ಧಕವನ್ನು ಕೆಡಿಸುತ್ತದೆ. ಅದನ್ನು ಎಥಿಲೀನಾಗಿಸಿ ಅಲ್ಲಿಗೇ ನಿಲ್ಲಿಸಬೇಕು. ಈಥೇನಿನವರೆಗೆ ಹೋದರೆ ನಷ್ಟ. ಹೀಗೆ ಸಾಧ್ಯವಾದ ಹಲವು ಉತ್ಪನ್ನಗಳಲ್ಲಿ ಬೇಕಾದ ಒಂದನ್ನೇ ಕೊಡುವ ಕ್ರಿಯೆಯು ವರಣಾತ್ಮಕ ಕ್ರಿಯೆ ಎನಿಸುತ್ತದೆ. ಶುದ್ಧ ಪಲ್ಲೇಡಿಯಂ ಜಲಜನಕದ ಅಣುವನ್ನು ನಿರಾಯಾಸವಾಗಿ ಒಡೆಯಬಲ್ಲುದು. ಆದರೆ ಬಂದ ಅಣುಗಳನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಕ್ರಿಯೆಯು ಬೇಕಾದಲ್ಲಿ ನಿಲ್ಲುವುದಿಲ್ಲ. ತಾಮ್ರವಾದರೋ ಹಿಡಿತದಲ್ಲಿ ಮೃದು, ಆದರೆ ಜಲಜನಕವನ್ನು ಒಡೆಯುವುದರಲ್ಲಿ ದುರ್ಬಲ. ಬಿ.ಎಸ್‌ಸಿ. ತರಗತಿಗಳಲ್ಲಿ ಪಾಠವಾಗುವ ಲಿಂಡ್ಲಾರನ ವೇಗವರ್ಧಕದಲ್ಲಿ (1952) ಪಲ್ಲೇಡಿಯಮಿಗೆ ಸೀಸವನ್ನೂ ಕ್ವಿನೋಲಿನನ್ನೂ ಸೇರಿಸಿ ಅದರ ಉಗ್ರತೆಯನ್ನು ತಗ್ಗಿಸುತ್ತಾರೆ. ಉಪಾಯವೇನೋ ಸಫಲವಾಯಿತು, ಆದರೂ ಇದು ವೇಗವರ್ಧಕಕ್ಕೆ ಅಳತೆಯರಿತು ವಿಷವುಣಿಸುವ ಕ್ರಮವೇ ಸರಿ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಸೈಕ್ಸ್, ಮಾರಿಯಾ ಫ್ಲಿಟ್ಜಾನಿ-ಸ್ಟೆಫಾನೊಪೌಲೋಸ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಅವರು ತಾಮ್ರದ ಸ್ಫಟಿಕದ ಮೇಲ್ಮೈಯಲ್ಲಿ ಪಲ್ಲೇಡಿಯಮಿನ ಪರಮಾಣುಗಳನ್ನು ಅತಿ ವಿರಳವಾಗಿ ಸೇರಿಸಿದರು. ಜಲಜನಕದ ಅಣು ಪಲ್ಲೇಡಿಯಂ ಪರಮಾಣುವಿನ ಬಳಿ ಒಡೆಯುತ್ತದೆ. ಬಿಡಿಯಾದ ಜಲಜನಕದ ಪರಮಾಣುಗಳು ಸುತ್ತಲಿನ ತಾಮ್ರದ ಮೇಲೆ ಹರಿಯುತ್ತವೆ. ಅಲ್ಲಿ ಹಿಡಿತ ಸಡಿಲವಾದುದರಿಂದ ಅವು ಅಸಿಟಿಲೀನಿನೊಡನೆ ಸುಲಭವಾಗಿ ಕೂಡುತ್ತವೆ. ಹುಟ್ಟಿದ ಎಥಿಲೀನ್ ಮುಂದೆ ಮಾರ್ಪಾಡಾಗುವ ಮೊದಲೇ ಮೇಲ್ಮೈಯನ್ನು ಬಿಟ್ಟುಹೋಗುತ್ತದೆ. ಒಡೆಯುವ ಕೆಲಸ ಒಂದು ಲೋಹದ್ದು, ಕೂಡಿಸುವ ಕೆಲಸ ಇನ್ನೊಂದರದ್ದು. ಒಂದೇ ಲೋಹದ ಮೇಲ್ಮೈಯಲ್ಲಿ ಸುಲಭವಾಗಿ ಒಡೆಯುವ ಗುಣಕ್ಕೂ ಬಿಗಿಯಾಗಿ ಹಿಡಿಯುವ ಗುಣಕ್ಕೂ ಇರುವ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ.

ಎಷ್ಟು ವಿರಳವಾಗಿದ್ದರೆ ಪರಮಾಣು ಒಂಟಿಯಾಗಿರುತ್ತದೆ? ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಬಹುದು. ತಾಮ್ರದ ಒತ್ತಾದ ಮೇಲ್ಮೈಯಲ್ಲಿ ಪ್ರತಿಯೊಂದು ಪರಮಾಣುವಿಗೂ ಅದೇ ತಲದಲ್ಲಿ ಆರು ನೆರೆಯವು. ನೂರರಲ್ಲಿ ಒಂದು ಪಲ್ಲೇಡಿಯಂ ಯಾದೃಚ್ಛಿಕವಾಗಿ ಹಂಚಿಹೋಗಿದ್ದರೆ, ಆರೂ ನೆರೆಯವು ತಾಮ್ರವೇ ಆಗಿರುವ ಸಂಭವನೀಯತೆ 0.99ರ ಆರನೆಯ ಘಾತ, ಅಂದರೆ ಸುಮಾರು 0.94. ಹತ್ತರಲ್ಲಿ ಒಂದಾದರೆ ಅದು 0.53ಕ್ಕೆ ಇಳಿಯುತ್ತದೆ. ಒಂದು ಶೇಕಡ ಬೆರಕೆಗೂ ಹತ್ತು ಶೇಕಡ ಬೆರಕೆಗೂ ಇರುವ ಭೇದ ಬರಿಯ ಪ್ರಮಾಣದ ಭೇದವಲ್ಲವೆಂಬುದು ಇದರಿಂದ ಸ್ಪಷ್ಟ.

ಇದೇ ತತ್ತ್ವವನ್ನು ಬೇರೆ ಲೋಹಗಳಿಗೂ ವಿಸ್ತರಿಸಿದ್ದಾರೆ. 2021ರಲ್ಲಿ ವರದಿಯಾದ ರೋಡಿಯಂ-ತಾಮ್ರದ ಮಿಶ್ರಲೋಹವು ಪ್ರೊಪೇನಿನಿಂದ ಜಲಜನಕವನ್ನು ತೆಗೆದು ಪ್ರೊಪಿಲೀನನ್ನು ಕೊಡುತ್ತದೆ; ಮೇಲ್ಮೈಗೆ ಮಸಿ ಕಟ್ಟುವ ತೊಂದರೆ ಅದರಲ್ಲಿ ಬಹಳ ಕಡಮೆ.

ನಮ್ಮ ನಾಡಿನಲ್ಲಿ ಈ ವಿಚಾರಕ್ಕೆ ಸಮೀಪವಾದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಫ್ಟ್ಸ್ ಪ್ರಯೋಗಕ್ಕಿಂತ ಮೊದಲೇ ನಡೆಯಿತು. ಅಲ್ಲಿ ಕೆ. ಸಿ. ಪಾಟೀಲರು ಬೆಳೆಸಿದ ದ್ರಾವಣ-ದಹನ ವಿಧಾನದಲ್ಲಿ ಲೋಹದ ನೈಟ್ರೇಟಿನಂಥ ಲವಣಗಳನ್ನು ಯೂರಿಯಾದಂಥ ಇಂಧನದೊಡನೆ ಕರಗಿಸಿ ಬಿಸಿಕುಲುಮೆಯಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಆಕ್ಸೈಡಿನ ನಯವಾದ ಪುಡಿ ದೊರೆಯುತ್ತದೆ. ಎಂ. ಎಸ್. ಹೆಗ್ಡೆಯವರೂ ಗಿರಿಧರ ಮದ್ರಾಸರೂ ಸಹೋದ್ಯೋಗಿಗಳೂ ಈ ವಿಧಾನದಿಂದ ಸೀರಿಯಂ ಆಕ್ಸೈಡಿನ ಜಾಲದೊಳಗೆ ಶೇಕಡ ಒಂದೆರಡರಷ್ಟು ಪಲ್ಲೇಡಿಯಮನ್ನು ಲೋಹಕಣವಾಗಿ ಅಲ್ಲದೆ ಬಿಡಿ ಅಯಾನುಗಳಾಗಿ ಕೂರಿಸಿದರು. ಆಕ್ಸೈಡಿನ ಮೇಲೆ ಲೋಹಕಣವಾಗಿ ಕೂತ ಪಲ್ಲೇಡಿಯಮಿಗಿಂತ ಇದು ಇಂಗಾಲದ ಮಾನಾಕ್ಸೈಡನ್ನು ಹೆಚ್ಚು ಚುರುಕಾಗಿ ಉತ್ಕರ್ಷಿಸುತ್ತದೆ. ಇದನ್ನು ಮಿಶ್ರಲೋಹವೆಂದು ಕರೆಯುವುದು ತಪ್ಪು: ಇಲ್ಲಿ ನೆರೆಯಲ್ಲಿರುವುದು ಆಮ್ಲಜನಕ, ತಾಮ್ರವಲ್ಲ. ಲೋಹವನ್ನು ಗುಂಪುಗೂಡದಂತೆ ಇರಿಸುವ ಯೋಚನೆ ಮಾತ್ರ ಎರಡಕ್ಕೂ ಸಮಾನ.

ಆಕ್ಷೇಪಣೆಗಳೂ ಇವೆ. ಮೊದಲ ಪ್ರಯೋಗಗಳು ಅತಿ ನಿರ್ವಾತದಲ್ಲಿ, ಶುದ್ಧ ಸ್ಫಟಿಕದ ಮೇಲೆ ನಡೆದುವು. ಕಾರ್ಖಾನೆಯ ಒತ್ತಡ, ಉಷ್ಣತೆ, ಕಶ್ಮಲಗಳೇ ಬೇರೆ. ಪರಮಾಣುಗಳು ಒಂಟಿಯಾಗಿಯೇ ಉಳಿದಿವೆಯೇ ಎಂದು ಪರೀಕ್ಷಿಸಲು ಇಂಗಾಲದ ಮಾನಾಕ್ಸೈಡನ್ನು ಅಂಟಿಸಿ ಅವಕೆಂಪು ರೋಹಿತವನ್ನು ನೋಡುವುದು ವಾಡಿಕೆ. ಅಕ್ಕಪಕ್ಕದ ಎರಡು ಪಲ್ಲೇಡಿಯಂ ಪರಮಾಣುಗಳ ನಡುವೆ ಅಣು ಸೇತುವೆಯಂತೆ ಕೂತರೆ ಒಂದು ಪಟ್ಟಿ, ಒಂದೇ ಪರಮಾಣುವಿನ ಮೇಲೆ ನೆಟ್ಟಗೆ ನಿಂತರೆ ಅದಕ್ಕಿಂತ ಹೆಚ್ಚಿನ ಆವರ್ತಾಂಕದಲ್ಲಿ ಇನ್ನೊಂದು ಪಟ್ಟಿ ಕಾಣುತ್ತದೆ. ಮೊದಲನೆಯದು ಇಲ್ಲದಿದ್ದರೆ ಪರಮಾಣುಗಳು ಒಂಟಿಯೆಂದು ಊಹಿಸಬಹುದು. ಆದರೆ ಇದೇ ಅನಿಲವು ಪಲ್ಲೇಡಿಯಮನ್ನು ತಾಮ್ರದ ಒಳಪದರದಿಂದ ಮೇಲಕ್ಕೆ ಸೆಳೆಯಬಲ್ಲುದು. ಆದುದರಿಂದ ರೋಹಿತದಲ್ಲಿ ಕಂಡದ್ದು ಪರೀಕ್ಷೆಗೆ ಮೊದಲು ಇದ್ದ ಸ್ಥಿತಿಯೋ, ಪರೀಕ್ಷೆಯೇ ಉಂಟುಮಾಡಿದ ಸ್ಥಿತಿಯೋ ಎಂಬುದನ್ನು ಕ್ಷ-ಕಿರಣ ಹೀರಿಕೆಯಂಥ ಬೇರೊಂದು ವಿಧಾನದಿಂದ ಪ್ರತ್ಯೇಕವಾಗಿ ತಾಳೆನೋಡಬೇಕಾಗುತ್ತದೆ.